ರೀಲು ಬಿಡುವ ಸೀಮೆಯಲ್ಲಿ

ಬೈರಾಪಟ್ಟಣದ ಟೀ ಅಂಗಡಿ ಮುಂದೆ ನನ್ನ ಹೊಸ ಅಂಗಿ ನೋಡಿ ತಂಗಿಯ ಮಗ "ಚಿಂದಿ ಮಾವ!" ಅಂದ. ಎಲ್ಲಿ ಹರಿಯಿತೋ ಎಂದು ಗಾಬರಿಯಾಗಿ ಬೆನ್ನು ತಡವಿಕೊಂಡೆ. ನಮ್ಮ ಕಾಲಕ್ಕೆ ಚಿಂದಿ ಅಂದರೆ ಹರಕು ಬಟ್ಟೆ. ಈಗ ಅದೇ ಶಹಬ್ಬಾಸ್‌ಗಿರಿಯಂತೆ. ಸಿನಿಮಾನೂ ಚಿಂದಿ, ಬಿರಿಯಾನಿನೂ ಚಿಂದಿ.

ಹೀಗೆ ಮಾತುಗಳು ಅರ್ಥ ಬದಲಿಸುವಾಗ ನಮ್ಮ ಸೀಮೆಯಲ್ಲಿ ಪಾಪ ಅನ್ನಿಸುವುದು ರೀಲರ್‌ಗಳ ಪಾಡು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅವರು ಮರ್ಯಾದಸ್ಥ ಕಸುಬುದಾರರು. ಹರಾಜಿನಲ್ಲಿ ರೇಷ್ಮೆಗೂಡು ಕೊಂಡು, ಬಿಸಿನೀರಲ್ಲಿ ಬೇಯಿಸಿ, ಒಂದೊಂದು ಗೂಡಿನಿಂದ ನೂರಾರು ಮೀಟರ್ ಎಳೆ ತೆಗೆಯುತ್ತಾರೆ. ಮಾರುಕಟ್ಟೆ ಗೇಟು ದಾಟಿದರೆ "ರೀಲು ಬಿಡ್ತಾನೆ" ಅಂದರೆ ಶುದ್ಧ ಸುಳ್ಳುಗಾರ! ಸಾಲದ್ದಕ್ಕೆ ಫೋನಿನೊಳಗಿನ ರೀಲ್ಸ್ ಬೇರೆ. ಹೆಣ್ಣು ಕೇಳಲು ಹೋದವರು "ಹುಡುಗ ರೀಲರ್" ಅಂದರೆ, "ಯಾವ ಜಾತಿ ರೀಲು?" ಅಂತ ಕೇಳುವುದೇ ಕ್ಷೇಮ.

ನಾನು ನಿವೃತ್ತ ಮೇಷ್ಟ್ರು. ಪಾಠ ಹೇಳುವಾಗ ಒಬ್ಬನೂ ಗುರು ಅನ್ನಲಿಲ್ಲ. ಈಗ ರಸ್ತೆ ದಾಟುವಾಗ ಸ್ಕೂಟರಿನವರೆಲ್ಲ "ನೋಡ್ಕೊಂಡ್ ಹೋಗು ಗುರೂ" ಅನ್ನುತ್ತಾರೆ. ಬಂದ ಗೌರವ ಬಿಡಬಾರದೆಂದು ಕೈ ಎತ್ತಿ ಆಶೀರ್ವದಿಸುತ್ತೇನೆ.

ನಾನೂ ಒಂದು ಮಾತು ಹುಟ್ಟಿಸೋಣ ಅಂತ ಹೊರಟೆ. ಚನ್ನಪಟ್ಟಣದವರು ಆಲೆಮರ ಕಡೆದು, ಅರಗಿನ ಬಣ್ಣ ಹಚ್ಚಿ ಆಟಿಕೆ ಮಾಡುತ್ತಾರಲ್ಲ, ಹಾಗೆ ಹೊರಗೆ ಹೊಳೆದು ಒಳಗೆ ಮರವಾದವನಿಗೆ "ಬೊಂಬೆ" ಅಂತ ಹೆಸರಿಟ್ಟೆ. ಅಳಿಯ ತಲೆ ಚಚ್ಚಿಕೊಂಡ: "ಮಾವ, ಬೊಂಬೆ ಅಂದ್ರೆ ಚೆಂದದ ಹುಡುಗಿ. ಬಸ್‌ಸ್ಟ್ಯಾಂಡಲ್ಲಿ ಮಾತ್ರ ಅನ್ಬೇಡಿ."