ಮಾವ, ಅಳಿಯ ಮತ್ತು ಪ್ರೈಮರಿ

(ಡೆಟ್ರಾಯಿಟ್, 2016ರ ಮಾರ್ಚ್ 8. ಅಧ್ಯಕ್ಷೀಯ ಅಭ್ಯರ್ಥಿ ಆಯ್ಕೆಯ ಮಿಷಿಗನ್ ಪ್ರೈಮರಿಯ ದಿನ. ಮತ ಹಾಕಲು ಹೊರಟ ಅಳಿಯ, ಊರಿಂದ ಬಂದಿರುವ ಮಾವ.)

ಮಾವ: ಅಳಿಯಂದ್ರೇ, ಟಿಕೆಟ್ ಹಂಚೋಕೆ ಇಲ್ಲಿ ಹೈಕಮಾಂಡ್ ಇಲ್ವೇ?

ಅಳಿಯ: ನಾವೇ ಹೈಕಮಾಂಡ್ ಮಾವ. ಯಾವ ಪಕ್ಷದ ಮತಪತ್ರ ಬೇಕಾದ್ರೂ ಕೇಳಬಹುದು. ಆದ್ರೆ ಒಂದೇ!

ಮಾವ: ಜಗಳ ಯಾವುದರ ಮೇಲೆ?

ಅಳಿಯ: ವ್ಯಾಪಾರ ಒಪ್ಪಂದದ ಮೇಲೆ. ನಾಫ್ಟಾ ಬಂದು ಕಾರ್ಖಾನೆಗಳು ಮೆಕ್ಸಿಕೊ ದಾರಿ ಹಿಡಿದವು ಅಂತಾರೆ ಸ್ಯಾಂಡರ್ಸ್. ಅದನ್ನೇ ಇನ್ನೂ ಜೋರಾಗಿ ಕೂಗ್ತಾರೆ ಟ್ರಂಪ್.

ಮಾವ: ಹಿಲರಿ?

ಅಳಿಯ: ಟಿಪಿಪಿ ಅನ್ನೋ ಇನ್ನೊಂದು ವ್ಯಾಪಾರ ಒಪ್ಪಂದವನ್ನ 2012ರಲ್ಲಿ ಅಪರಂಜಿ ಅಂತ ಹೊಗಳಿದ್ರು. 2015ರಲ್ಲಿ ಬೇಡ ಅಂದ್ರು.

ಮಾವ: ಮೂರೇ ವರ್ಷಕ್ಕೆ ಅಪರಂಜಿ ಗಿಲೀಟಾಯ್ತೇ? ನಮ್ಮೂರ ಚಿನಿವಾರನೇ ವಾಸಿ! ನಾಫ್ಟಾ ಕಾನೂನಿಗೆ ಸಹಿ ಹಾಕಿದ್ದು ಯಾರು?

ಅಳಿಯ: 1993ರಲ್ಲಿ, ಹಿಲರಿಯವರ ಯಜಮಾನ್ರು.

ಮಾವ: ನಿಮ್ಮ ಮತ?

ಅಳಿಯ: ನಮ್ಮ ಕಾರ್ಖಾನೆ ಉಳಿಸ್ತೀನಿ ಅನ್ನೋರಿಗೆ.

ಮಾವ: ಭೇಷ್! ಹೊರಗೆ ನಿಂತಿರೋ ನಿಮ್ಮ ಕಾರು?

ಅಳಿಯ: ಜಪಾನಿಂದು ಮಾವ. ಮೈಲೇಜ್ ಚೆನ್ನಾಗಿದೆ.

(ಸಮೀಕ್ಷೆಗಳೆಲ್ಲ ಹಿಲರಿ ಎಂದಿದ್ದವು. ರಾತ್ರಿ ಎಣಿಕೆ ಮುಗಿದಾಗ ಗೆದ್ದದ್ದು ಸ್ಯಾಂಡರ್ಸ್. ಇನ್ನೊಂದು ಪಕ್ಷದಲ್ಲಿ ಟ್ರಂಪ್. ಅಳಿಯನ ಕಾರು ಮಾತ್ರ ಜಪಾನಿನದೇ.)