ಊದಿದರೆ ಓಡುವ ಆಟ

ವಿಡಿಯೋ ಗೇಮ್‌ಗಳು ವರ್ಷವರ್ಷ ಚೆಂದವಾಗುತ್ತಿವೆ, ಒಪ್ಪಿದೆ. ಆದರೆ ಆಡುವುದು ಯಾವಾಗ ಸ್ವಾಮಿ? 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ ಸುಮಾರು 40 ಕಿಲೋಬೈಟ್. ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಕಳಿಸುವ ಶುಭೋದಯದ ಚಿತ್ರವೇ ಅದಕ್ಕಿಂತ ಭಾರ! ಈಗಿನ ಕೆಲವು ಆಟಗಳು 100 ಗಿಗಾಬೈಟ್ ದಾಟುತ್ತವೆ. ದುಡ್ಡು ಕೊಟ್ಟು ಡಿಸ್ಕ್ ತಂದು ತುರುಕಿದರೂ ಅಪ್‌ಡೇಟ್ ಆಗಬೇಕು, ಕಾಯಿ ಅನ್ನುತ್ತವೆ. ಅಷ್ಟರಲ್ಲಿ ಊಟ ಮುಗಿಸಿ ಒಂದು ನಿದ್ದೆಯನ್ನೂ ತೆಗೆಯಬಹುದು.

ಆ ಹಳೇ ಮಾರಿಯೋವನ್ನು ನಮ್ಮ ಕಡೆ ಬಹಳ ಮಕ್ಕಳು ಆಡಿದ್ದು ಅಸಲಿ ನಿಂಟೆಂಡೊ ಪೆಟ್ಟಿಗೆಯಲ್ಲಲ್ಲ, ಅದರ ನಕಲಿಯಲ್ಲಿ. ಕ್ಯಾಸೆಟ್ ಮೇಲೆ ‘9999 ಇನ್ 1’ ಅಂತ ಬರೆದಿರುತ್ತಿತ್ತು. ಒಳಗಿರುವುದು ಬೆರಳೆಣಿಕೆಯ ಆಟ, ಮಿಕ್ಕಿದ್ದೆಲ್ಲ ಅವೇ ಆಟಗಳಿಗೆ ಬೇರೆ ನಂಬರು. ಚಿತ್ರ ಬರದಿದ್ದರೆ ಕ್ಯಾಸೆಟ್ಟಿಗೆ ಉಫ್ ಎಂದು ಊದುವುದು. ಊದಬೇಡಿ, ತೇವಕ್ಕೆ ಪಿನ್ನು ಕೆಡುತ್ತದೆ ಎಂದು ನಿಂಟೆಂಡೊ ಹೇಳಿದ ಮಾತು ನಮ್ಮ ಬೀದಿಯವರೆಗೆ ಬರಲೇ ಇಲ್ಲ. ಬಂದಿದ್ದರೂ ಕೇಳುವವರು ಯಾರು? ಊದಿದರೆ ಓಡುತ್ತಿತ್ತಲ್ಲ! (ಕೆಲಸ ಮಾಡಿದ್ದು ತೆಗೆದು ಮತ್ತೆ ಹಾಕಿದ್ದು, ಹೆಸರು ಬಂದದ್ದು ಉಸಿರಿಗೆ.)

ಅದೇ ಪೆಟ್ಟಿಗೆಯಲ್ಲಿ ಗನ್ನು ಹಿಡಿದು ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಟದ ನಾಯಿಯ ಮೇಲಿನ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಗುರಿ ತಪ್ಪಿತೋ, ಹುಲ್ಲಿನಿಂದೆದ್ದು ಕಿಸಿಕಿಸಿ ನಗುತ್ತಿತ್ತು. ಸೇಡು ತೀರಿಸೋಣವೆಂದರೆ ಆ ಗನ್ನು ಈಗಿನ ಎಲ್‌ಇಡಿ ಟಿವಿಗೆ ನಡೆಯುವುದಿಲ್ಲ, ಹಳೇ ಡಬ್ಬಾ ಟಿವಿಯೇ ಬೇಕು. ಅದನ್ನೂ ಹುಡುಕಿ ತಂದೆವೆನ್ನಿ, ನಾಯಿಗೆ ಗುಂಡೇ ತಾಗದು.