ಸಪ್ತಾಪುರದ ಗುಡಾಕೇಶ

ಧಾರವಾಡದ ಸಪ್ತಾಪುರದಲ್ಲಿ ಸ್ವಂತ ಮನೆಯಿದ್ದು, ಅದರ ಮಹಡಿಯನ್ನು ಓದೋ ಹುಡುಗರಿಗೆ ಬಾಡಿಗೆ ಕೊಟ್ಟವರಿಗೆಲ್ಲ ಗುಡಾಕೇಶನ ಪರಿಚಯ ಇದ್ದೇ ಇರುತ್ತದೆ. ನಿದ್ರೆಯನ್ನು ಗೆದ್ದವನೆಂದು ಅರ್ಜುನನಿಗೆ ಆ ಹೆಸರು. ನಮ್ಮ ಮಹಡಿಯವನಿಗೆ ಅದನ್ನಿಟ್ಟವರು ಪಕ್ಕದ ಕೋಣೆಯ ಹುಡುಗರು. ಗೆದ್ದದ್ದಕ್ಕಲ್ಲ, ಯುದ್ಧ ಸಾರಿದ್ದಕ್ಕೆ. ಒಬ್ಬ ಗಂಟುಮೂಟೆ ಕಟ್ಟಿದರೆ ಜೂನ್ ತಿಂಗಳಿಗೆ ಇನ್ನೊಬ್ಬ ಹಾಜರು. ಒಬ್ಬ ಬಾಗಲಕೋಟೆ ಕಡೆಯವ, ಮತ್ತೊಬ್ಬ ಸಿಂದಗಿ ಕಡೆಯವ. ಹೆಸರು, ಊರು ಬೇರೆ; ಕೆಂಪು ಕಣ್ಣು ಒಂದೇ.

ಇವನನ್ನು ಗುರುತಿಸಲು ಕೋಣೆಯ ಗೋಡೆ ನೋಡಿದರೆ ಸಾಕು. ಉಳಿದವರ ಗೋಡೆಯ ಮೇಲೆ ಕರ್ನಾಟಕದ ನಕಾಶೆ, ಸಂವಿಧಾನದ ವಿಧಿಗಳ ಪಟ್ಟಿ. ಇವನ ಗೋಡೆಯ ಮೇಲೆ ಇಪ್ಪತ್ನಾಲ್ಕು ಮನೆಗಳ ಒಂದು ಚಕ್ರ, ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ. ನೀರಿನ ಟಾಕಿ ನೋಡಲು ಮೇಲೆ ಹೋದ ನನ್ನ ಹೆಂಡತಿ, ಯಾವುದೋ ಯಂತ್ರವೆಂದು ತಿಳಿದು ಕೈ ಮುಗಿದು ಬಂದಿದ್ದಳು.

ಅದು ನಿದ್ದೆಯ ಟೈಮ್‌ಟೇಬಲ್. ನಾಲ್ಕು ತಾಸಿಗೊಮ್ಮೆ ಇಪ್ಪತ್ತು ನಿಮಿಷ, ದಿನಕ್ಕೆ ಆರು ಸಲ, ಒಟ್ಟು ಎರಡು ತಾಸು. ಇಂಟರ್‌ನೆಟ್ಟಿನಲ್ಲಿ ಇದಕ್ಕೆ ‘ಊಬರ್‌ಮ್ಯಾನ್’ ಎಂಬ ದೊಡ್ಡ ಹೆಸರಿದೆ. ರಾತ್ರಿ ಮೂರು ತಾಸು ಮಲಗಿ, ಹಗಲು ಮೂರು ಸಲ ಇಪ್ಪತ್ತು ನಿಮಿಷ ಜೊಂಪು ತೆಗೆಯುವ ‘ಎವೆರಿಮ್ಯಾನ್’ ಎಂಬುದೂ ಇದೆ. ಆದರೆ ಸಾಮಾನ್ಯ ಮನುಷ್ಯನ ಹೆಸರಿನ ಯೋಜನೆಗೆ ನಮ್ಮ ಗುಡಾಕೇಶ ಕೈ ಹಾಕುವವನಲ್ಲ.

“ಸರ್, ಲೆಕ್ಕಾ ಕೇಳ್ರಿ. ದಿನಕ್ಕ ಎಂಟು ತಾಸು ನಿದ್ದಿ ಅಂದ್ರ ವರ್ಷಕ್ಕ 2,920 ತಾಸು. ನಾ ಮಲಗೋದು 730. ಉಳೀತು 2,190. ಅಂದ್ರ ತೊಂಬತ್ತೊಂದು ದಿನ. ಬ್ಯಾರೇದವರಿಗೆ ವರ್ಷಕ್ಕ ಹನ್ನೆರಡು ತಿಂಗಳು, ನನಗ ಹದಿನೈದು!”

“ಹಂಗಾರ ಹದಿನೈದು ತಿಂಗಳ ಬಾಡಗಿ ಕೊಡ್ತೀಯೇನಪಾ?” ಎಂದಳು ಒಳಗಿನಿಂದ ನನ್ನ ಹೆಂಡತಿ.

ಲೆಕ್ಕದಲ್ಲಿ ತಪ್ಪಿಲ್ಲ. ತೊಡಕಿರುವುದು ಸಪ್ತಾಪುರದಲ್ಲಿ. ಮುಂಜಾನೆ ಆರರ ನಿದ್ದೆಗೆ ತಲೆ ಇಟ್ಟರೆ ನಳ ಬರುತ್ತದೆ. ಕೊಡ ತುಂಬದಿದ್ದರೆ ಮುಂದಿನ ಸರದಿಯವರೆಗೆ ಸ್ನಾನವಿಲ್ಲ. ಹತ್ತರ ನಿದ್ದೆಯ ಹೊತ್ತಿಗೆ ಕೋಚಿಂಗ್ ಕ್ಲಾಸು. ಅಲ್ಲಿ ನಿದ್ದೆ ಬರುತ್ತದೆ, ಆದರೆ ಇಪ್ಪತ್ತು ನಿಮಿಷಕ್ಕೆ ನಿಲ್ಲುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಮಲಗೆದ್ದು ಹೋಗುವಷ್ಟರಲ್ಲಿ ಖಾನಾವಳಿಯಲ್ಲಿ ರೊಟ್ಟಿ ಮುಗಿದು, ಅನ್ನ ಸಾರು ಉಳಿದಿರುತ್ತದೆ. ಸಂಜೆ ಆರೆಂದರೆ ಗಿರಮಿಟ್ಟು, ಮಿರ್ಚಿಭಜಿ, ಚಹಾದ ಹೊತ್ತು. ಆಗ ಮಲಗುವವನು ಧಾರವಾಡದವನೇ ಅಲ್ಲ. ರಾತ್ರಿ ಹತ್ತಕ್ಕೆ ಊರಿನಿಂದ ಅಪ್ಪನ ಫೋನು. ಬಾಕಿ ಉಳಿದದ್ದು ನಡುರಾತ್ರಿ ಎರಡು. ಆ ಹೊತ್ತಿಗೆ ಅವನು ನಿಜಕ್ಕೂ ಮಲಗುತ್ತಾನೆ. ಅಲಾರಾಂ ಬಾರಿಸುತ್ತದೆ. ಪಕ್ಕದ ಕೋಣೆಯವರು ಏಳುತ್ತಾರೆ, ಕೆಳಗೆ ನಾವು ಏಳುತ್ತೇವೆ, ಎದುರು ಮನೆಯ ನಾಯಿ ಏಳುತ್ತದೆ. ಅವನೊಬ್ಬ ಏಳುವುದಿಲ್ಲ.

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತನಾದವನು. ಆದ್ದರಿಂದ ಗುಡಾಕೇಶರು ನನ್ನ ಹತ್ತಿರ ಶಾಸ್ತ್ರಾರ್ಥಕ್ಕೆ ಬರುವುದುಂಟು. ಅವರ ಮೊದಲ ಸಾಕ್ಷಿ ಯಾವಾಗಲೂ ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್. ಆರು ತಾಸಿಗೊಮ್ಮೆ ಅರ್ಧ ತಾಸಿನಂತೆ ದಿನಕ್ಕೆ ಎರಡೇ ತಾಸು ಮಲಗಿ ಎರಡು ವರ್ಷ ಕಳೆದೆನೆಂದು ಅವನು ಹೇಳಿಕೊಂಡದ್ದನ್ನು ‘ಟೈಮ್’ ಪತ್ರಿಕೆ 1943ರಲ್ಲಿ ಅಚ್ಚು ಹಾಕಿತ್ತು. ಅದೇ ಸುದ್ದಿಯ ಬಾಲ ಮಾತ್ರ ಇವರಿಗೆ ಕಾಣುವುದಿಲ್ಲ: ಜೊತೆಗೆ ವ್ಯವಹಾರ ಮಾಡುವವರೆಲ್ಲ ಊರ ಮಂದಿಯಂತೆ ರಾತ್ರಿ ಮಲಗುತ್ತಿದ್ದರಾದ್ದರಿಂದ ಅವನು ಆ ಪದ್ಧತಿಯನ್ನು ಬಿಟ್ಟುಕೊಟ್ಟ.

“ಹಂಗಲ್ಲೋ ತಮ್ಮಾ,” ಎಂದು ನಾನೊಮ್ಮೆ ನೇಥನಿಯಲ್ ಕ್ಲೈಟ್‌ಮನ್ನನ ಕಥೆ ತೆಗೆದೆ. ನಿದ್ರೆಯ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬ. 1938ರಲ್ಲಿ ತನ್ನ ಶಿಷ್ಯನೊಬ್ಬನನ್ನು ಕರೆದುಕೊಂಡು ಕೆಂಟಕಿಯ ಮ್ಯಾಮತ್ ಗುಹೆಗಿಳಿದ. ಸೂರ್ಯನ ಸುಳಿವಿಲ್ಲದ ಆ ಕತ್ತಲಲ್ಲಿ ದಿನಕ್ಕೆ 28 ತಾಸು ಎಂದು ನೇಮ ಮಾಡಿಕೊಂಡು ತಿಂಗಳ ಮೇಲೆ ಕಳೆದರು. ಶಿಷ್ಯನ ಮೈ ಹೊಸ ದಿನಕ್ಕೆ ಒಗ್ಗಿತು. ನಲವತ್ತು ದಾಟಿದ್ದ ಗುರುವಿನ ಮೈ ಹಳೆಯ ಇಪ್ಪತ್ನಾಲ್ಕನ್ನು ಬಿಡಲೇ ಇಲ್ಲ.

ಗುಡಾಕೇಶನ ಮುಖ ಅರಳಿತು. “ನೋಡ್ರಿ ಸರ್, ನೀವ ಹೇಳಿದ್ರಿ. ಹುಡುಗಗ ಆತು, ವಯಸ್ಸಾದವರಿಗೆ ಆಗಲಿಲ್ಲ. ಧಾರವಾಡದಾಗ ಗುಹೆ ಇಲ್ಲ ಖರೆ. ಆದ್ರ ನಿಮ್ಮ ಕೆಳಗಿನ ಸ್ಟೋರ್ ರೂಮ್ ಖಾಲಿ ಐತೆಲ್ಲರಿ?”

“ಅವರು ಗುಹೆಯೊಳಗ ಮಲಗಲಿಕ್ಕೆ ಇಟ್ಕೊಂಡದ್ದು ಒಂಬತ್ತು ತಾಸು” ಎಂದೆ. ಅದು ಅವನ ಕಿವಿಗೆ ಬೀಳಲಿಲ್ಲ. ಸ್ಟೋರ್ ರೂಮಿನ ಬಾಗಿಲಿನ ಅಗಲ ಅಳೆಯುತ್ತಿದ್ದ.

ಇವನ ಜೊತೆ ವಾದ ಮಾಡುವುದು ಕಷ್ಟ. ಏಕೆಂದರೆ ನಿದ್ದೆಗೆಟ್ಟವನಿಗೆ ತಾನು ಮಂಕಾಗಿದ್ದೇನೆಂಬುದೇ ತಿಳಿಯುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಎರಡು ವಾರ ರಾತ್ರಿಗೆ ಆರು ತಾಸು ಅಥವಾ ಅದಕ್ಕೂ ಕಡಿಮೆ ಮಲಗಿದವರ ಚುರುಕುತನ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಇಳಿದಿತ್ತು. ಕೇಳಿದರೆ ಮಾತ್ರ, ಅಂಥದ್ದೇನಿಲ್ಲ, ತುಸು ನಿದ್ದೆಗಣ್ಣು ಅಷ್ಟೇ ಎನ್ನುತ್ತಿದ್ದರಂತೆ. ನಮ್ಮವನೂ ಹಾಗೆಯೇ. “ಎಷ್ಟು ಫ್ರೆಶ್ ಅದೇನಿ ನೋಡ್ರಿ ಸರ್” ಎನ್ನುತ್ತ ಮೆಟ್ಟಿಲಿಳಿದು ಬಂದವನ ಕಾಲಲ್ಲಿ ಒಂದು ತನ್ನ ಚಪ್ಪಲಿ, ಇನ್ನೊಂದು ನನ್ನದು. ಆ ವಾರದ ಟೆಸ್ಟಿನಲ್ಲಿ ಅವನು ಕರ್ನಾಟಕದ ಏಕೀಕರಣವನ್ನು 1565ಕ್ಕೆ ಒಯ್ದು, ರಕ್ಕಸತಂಗಡಿಯ ಕದನವನ್ನು 1956ಕ್ಕೆ ತಂದಿದ್ದ. ಕೇಳಿದರೆ, “ಇಸವಿ ಎರಡೂ ಕರೆಕ್ಟ್ ಅದಾವಲ್ಲರಿ?”

ಓದಿದ್ದು ತಲೆಯಲ್ಲಿ ನಿಲ್ಲುವುದು ಮಲಗಿದಾಗ ಎಂಬ ಮಾತು ಹೊಸತೇನಲ್ಲ. 1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬಿಬ್ಬರು, ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಬಾಯಿಪಾಠ ಮಾಡಿಸಿದರು. ಕಲಿತು ಮಲಗಿದಾಗ ನೆನಪಿನಲ್ಲಿ ಉಳಿದದ್ದು, ಕಲಿತು ಎಚ್ಚರವಿದ್ದಾಗ ಉಳಿದದ್ದಕ್ಕಿಂತ ಎಷ್ಟೋ ಹೆಚ್ಚು. ಇದನ್ನು ಹೇಳಿದರೆ ಗುಡಾಕೇಶ, “ಅರ್ಥ ಇಲ್ಲದ ಅಕ್ಷರ ಅಂದ್ರ ನಮ್ಮ ಕರೆಂಟ್ ಅಫೇರ್ಸ್ ಇದ್ದಂಗರಿ?” ಎಂದು ನೋಟ್ಸ್ ಬರೆದುಕೊಂಡ. ಬರೆದುಕೊಳ್ಳುತ್ತಲೇ ತೂಕಡಿಸಿದ.

ಹಾಗೆಂದು ಹುಡುಗರು ರಾತ್ರಿ ಹತ್ತಕ್ಕೆ ದೀಪ ಆರಿಸಲೇಬೇಕೆಂದು ನಾನು ಹೇಳುವವನಲ್ಲ. ಹರೆಯದ ಮೈಗೆ ನಿದ್ದೆ ತಡವಾಗಿ ಹತ್ತುವುದು ಸಹಜ. ಒಂದಕ್ಕೆ ಮಲಗಿ ಎಂಟಕ್ಕೆ ಏಳುವವನಿಗೆ ನಷ್ಟವೇನಿಲ್ಲ. ರಾತ್ರಿ ಆರು ತಾಸು ಮಲಗಿ, ಮಧ್ಯಾಹ್ನ ಉಂಡು ಒಂದು ತಾಸು ಅಡ್ಡಾದರೂ ನಡೆದೀತು. ಹಳೆ ಧಾರವಾಡದ ಅಂಗಡಿಕಾರರು ಅರ್ಧ ಬಾಗಿಲೆಳೆದು ಮಾಡುತ್ತಿದ್ದದ್ದೂ ಅದನ್ನೇ. ನಿದ್ದೆಯನ್ನು ಎರಡು ತುಂಡು ಮಾಡಿದರೆ ಮೈ ತಕರಾರು ಮಾಡುವುದಿಲ್ಲ. ಆರು ತುಂಡು ಮಾಡಿ ನಾಲ್ಕು ತುಂಡು ನುಂಗಿದರೆ ಮಾಡುತ್ತದೆ.

ಆದರೆ ಗುಡಾಕೇಶನಿಗೆ ಬೇಕಾದದ್ದು ಮಧ್ಯಾಹ್ನದ ನಿದ್ದೆಯಲ್ಲ, ತಪಸ್ಸು. ಉಳಿಸಿದ ತಾಸುಗಳು ಹೋಗುವ ದಾರಿ ನೋಡಿದರೆ ಇದು ತಿಳಿಯುತ್ತದೆ. ಚಕ್ರ ಬರೆಯಲು ಒಂದು ತಾಸು, ನಿನ್ನೆ ತಪ್ಪಿದ ನಿದ್ದೆಯನ್ನು ಇಂದಿನ ಲೆಕ್ಕಕ್ಕೆ ಹೊಂದಿಸಲು ಅರ್ಧ ತಾಸು, ನಿದ್ದೆ ತಡೆಯುವ ಚಹಾಕ್ಕೆ ಐದು ಸಲ ಕೆಳಗಿಳಿಯಲು ಎರಡು ತಾಸು, ಚಹಾದಂಗಡಿಯ ಮುಂದೆ ನಿಂತು “ನೋಟಿಫಿಕೇಶನ್ ಯಾವಾಗ?” ಎಂದು ಚರ್ಚಿಸಲು ಲೆಕ್ಕವಿಲ್ಲದಷ್ಟು.

ನಗು ನಿಲ್ಲುವುದು ಆ ಪ್ರಶ್ನೆಯ ಹತ್ತಿರ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಬರೆದವರು ಅಕ್ರಮದ ದೆಸೆಯಿಂದ ಮರುಪರೀಕ್ಷೆ ಬರೆದದ್ದು 2024ರ ಜನವರಿಯಲ್ಲಿ. 384 ಹುದ್ದೆಗಳ ಕೆಎಎಸ್ ಪ್ರಿಲಿಮ್ಸ್ 2024ರ ಆಗಸ್ಟ್ 27ರಂದು ಒಮ್ಮೆ ನಡೆದು, ಡಿಸೆಂಬರ್ 29ರಂದು ಇನ್ನೊಮ್ಮೆ ನಡೆಯಿತು. ಹುಡುಗ ವರ್ಷವಿಡೀ ಕಣ್ಣುರಿಸಿಕೊಂಡು ಮೂರು ತಿಂಗಳು ಉಳಿಸಬೇಕು. ವ್ಯವಸ್ಥೆ ಒಂದೇ ಏಟಿಗೆ ಇಪ್ಪತ್ತೇಳು ತಿಂಗಳು ತಿಂದುಬಿಡುತ್ತದೆ. ವ್ಯವಸ್ಥೆಯ ಆ ನಿದ್ದೆಯನ್ನು ಕಡಿಮೆ ಮಾಡುವುದು ಅವನ ಕೈಲಿಲ್ಲ. ಕೈಲಿರುವುದು ತನ್ನದೊಂದೇ. ಅದನ್ನೇ ಕತ್ತರಿಸುತ್ತಾನೆ.

ಅವನ ಅಪ್ಪನಿಗೆ ಇದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಹೊಲಕ್ಕೆ ತ್ರೀ ಫೇಸ್ ಕರೆಂಟು ಬರುವುದು ಅಪರಾತ್ರಿ. ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋಗಿ ಬಂದ ಮುದುಕ. ಒಮ್ಮೆ ಜೋಳದ ಚೀಲ ಹೊತ್ತು ಮಗನನ್ನು ನೋಡಲು ಬಂದವರು ಗೋಡೆಯ ಚಕ್ರದ ಅರ್ಥ ಕೇಳಿ ತಿಳಿದುಕೊಂಡರು. ತುಸು ಹೊತ್ತು ಸುಮ್ಮನಿದ್ದು, “ನಾವು ರಾತ್ರಿ ನಿದ್ದಿಗೆಡೋದು ಹಗಲೊತ್ತು ಕರೆಂಟ್ ಕೊಡಂಗಿಲ್ಲಂತ. ನಿನ್ನ ರೂಮಿನ್ಯಾಗ ಹಗಲೊತ್ತು ಬೆಳಕು ಬರಂಗಿಲ್ಲೇನಲೇ?” ಎಂದರು. ಗುಡಾಕೇಶನಿಗೆ ಅಂದು ಫುಲ್ಲರ್ ನೆನಪಾಗಲಿಲ್ಲ.

ಇದೇ ಮಹಡಿಯಲ್ಲಿ ಎಂಟು ತಾಸು ನೆಮ್ಮದಿಯಾಗಿ ಮಲಗುವ ಹುಡುಗನೂ ಒಬ್ಬನಿದ್ದ. ಅವನು ಮೊದಲ ಯತ್ನದಲ್ಲೇ ಪಾಸಾದ ಎಂದು ಬರೆದಿದ್ದರೆ ಈ ಕಥೆಗೊಂದು ನೀತಿ ಸಿಗುತ್ತಿತ್ತು. ನೌಕರಿ ಅವನಿಗೂ ಆಗಲಿಲ್ಲ. ಆದರೆ ನಿದ್ದೆಯಾದರೂ ಆಯಿತು.

ಗುಡಾಕೇಶ ಮಾತ್ರ ಬದುಕಿನ ದಾರಿ ಕಂಡುಕೊಂಡ. ಊರಿಗೆ ಮರಳಿ ಅಲ್ಲಿನ ಕೋಚಿಂಗ್ ಸೆಂಟರೊಂದರಲ್ಲಿ ‘ಟೈಮ್ ಮ್ಯಾನೇಜ್‌ಮೆಂಟ್’ ಹೇಳಿಕೊಡುತ್ತಾನೆ; ದಿನಕ್ಕೆ ಎರಡೇ ತಾಸು ಮಲಗಿ ಓದುವ ಬಗೆ ಹೇಗೆಂದು ಹುಡುಗರಿಗೆ ಚಕ್ರ ಬರೆದು ತೋರಿಸುತ್ತಾನಂತೆ. ಮುಂಜಾನೆ ಐದರ ಬ್ಯಾಚಿಗೂ ಬರಬೇಕೆಂದು ಸೆಂಟರಿನವರು ಕೇಳಿಕೊಂಡರು. ಹನ್ನೊಂದರ ಮೇಲಾದರೆ ಬರುತ್ತೇನೆ, ಅದಕ್ಕೂ ಮೊದಲು ತನಗೆ ಎಚ್ಚರಾಗುವುದಿಲ್ಲ ಎಂದನಂತೆ.